ಅಜ್ಜಿಯ ಮರಕ್ಕೆ ಎಲೆ ಸುತ್ತದ ಮಧ್ಯಾಹ್ನ

ನಬುಕಾಲುಗೆ ಹದಿನಾರು ತುಂಬಿತ್ತು. ಮನೆಯಲ್ಲಿ ಅವಳ ಪಾಲಿಗಿದ್ದ ಕೆಲಸ ಮಾತ್ರ ಆರು ವರ್ಷದವಳಿದ್ದಾಗ ಕೊಟ್ಟದ್ದೇ. ಅಪ್ಪ ಮುಸೋಕೆ ಮುತುಬ ಮರದ ತೊಗಟೆ ಸುಲಿದು ನಾರುಬಟ್ಟೆ ಮಾಡುವವನು. ಅವನು ತೊಗಟೆಯನ್ನು ಒಂದೇ ಹಾಳೆಯಾಗಿ ಬಿಡಿಸಿಕೊಂಡು ಚಪ್ಪರದಡಿಗೆ ಓಡಿದರೆ ಮತ್ತೆ ತಲೆ ಎತ್ತುತ್ತಿರಲಿಲ್ಲ. ಹಸಿ ಆರುವ ಮುಂಚೆ ಕೊಡತಿಯಿಂದ ಬಡಿದು ಹಿಗ್ಗಿಸಬೇಕು. ಅತ್ತ ಬತ್ತಲೆ ನಿಂತ ಮರಕ್ಕೆ ಬಿಸಿಲು ತಾಗದಂತೆ ಬಾಳೆಲೆ ಸುತ್ತಿ ಬಿಗಿಯುವವಳು ನಬುಕಾಲು. ಹಾಗೆ ಸುತ್ತಿದರೆ ವರ್ಷದೊಳಗೆ ಮರ ಹೊಸ ತೊಗಟೆ ಹೊದ್ದುಕೊಳ್ಳುತ್ತದೆ. "ಮರಕ್ಕೆ ಲಂಗ ಉಡಿಸೋಳು ಬಂದ್ಲು" ಎಂದು ಶಾಲೆಯಲ್ಲಿ ಹುಡುಗರು ರೇಗಿಸುತ್ತಿದ್ದರು. ಅವಳಿಗೆ ಆ ಕೆಲಸವೆಂದರೆ ಅಷ್ಟಕ್ಕಷ್ಟೇ.

ಅವಳ ಜೀವವೆಲ್ಲ ಇದ್ದದ್ದು ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ. ಅಲ್ಲಿ ಬರೀ ಉಡುಪುಗಳ ಚಿತ್ರ: ನೆರಿಗೆಯವು, ಭುಜ ಎತ್ತರದವು, ಒಂದಕ್ಕಂತೂ ಬಾಳೆ ಹೂವಿನಂಥ ತೋಳು. ಎಲ್ಲವೂ ನಾರುಬಟ್ಟೆಯವೇ. ಮುಂದೊಂದು ದಿನ ಕಂಪಾಲದಲ್ಲಿ ತನ್ನ ಹೆಸರಿನ ಫಲಕದ ಅಂಗಡಿ ಇಡುತ್ತೇನೆಂದು ಎಲ್ಲರೆದುರೂ ಹೇಳಿಕೊಂಡು ತಿರುಗುತ್ತಿದ್ದಳು.

"ಈ ಪುಸ್ತಕದಲ್ಲಿ ಲೆಕ್ಕ ಒಂದು ಬಿಟ್ಟು ಎಲ್ಲಾ ಇದೆ" ಎನ್ನುತ್ತಿದ್ದಳು ಅಮ್ಮ, ಅಡುಗೆಗೆ ಮಟೋಕೆ ಬಾಳೆಕಾಯಿ ಸುಲಿಯುತ್ತ.

ಅಪ್ಪನಿಗೆ ತಮಾಷೆ ಹಿಡಿಸುತ್ತಿರಲಿಲ್ಲ. "ನಾರುಬಟ್ಟೆ ದೊಡ್ಡೋರು ಉಡೋದು, ಸತ್ತೋರಿಗೆ ಸುತ್ತೋದು. ಅಂಗಡಿ ಗೊಂಬೆಗೆ ತೊಡಿಸೋದಲ್ಲ ಕಣೆ. ಕೊಡತಿ ಹಿಡಿಯೋದು ಹೆಣ್ಮಕ್ಕಳ ಕೆಲಸಾನೂ ಅಲ್ಲ." ಆದರೂ ಮಗಳ ಮುಖ ಸಣ್ಣಗಾದದ್ದು ನೋಡಲಾರದೆ, ಮುಂದಿನ ಮಳೆಗಾಲಕ್ಕೆ ಒಂದು ಎಳೆ ಮರದ ತೊಗಟೆ ಕೊಡುತ್ತೇನೆಂದು ಒಪ್ಪಿಕೊಂಡಿದ್ದ.

ಮಸಾಕಾದಲ್ಲಿ ಶಾಲಾಮಕ್ಕಳ ಕೈಕೆಲಸದ ಪ್ರದರ್ಶನ ಇದ್ದದ್ದು ಇನ್ನು ಆರೇ ವಾರಕ್ಕೆ. ಹದಿನಾರರ ವಯಸ್ಸು ಮುಂದಿನ ಮಳೆಗಾಲದ ತನಕ ಕಾಯುತ್ತದೆಯೇ?

ಆ ಹೊತ್ತಿಗೆ ಸುಲಿಯುವ ಹದಕ್ಕೆ ಬಂದಿದ್ದ ಮರ ಹಿತ್ತಿಲಲ್ಲಿ ಒಂದೇ. ಅದು ಅಜ್ಜಿಯದು. ಅಜ್ಜಿ ನಲುಮಾನ್ಸಿ ಮದುವೆಯಾಗಿ ಬಂದ ವರ್ಷ ಅಜ್ಜ ನೆಟ್ಟದ್ದು. ಈ ಸಲದ ತೊಗಟೆ ತನಗೇ ಎಂದು ಅಜ್ಜಿ ಆಗಲೇ ಹೇಳಿಟ್ಟಿದ್ದಳು. "ಪೇಟೆ ಬಟ್ಟೆ ಸುತ್ತಿ ಕಳಿಸಿದ್ರೆ ಅಲ್ಲಿ ನಿಮ್ಮಜ್ಜ ಗುರುತೇ ಹಿಡಿಯಲ್ಲ. ಅವರ ಮರದ್ದೇ ಬೇಕು ನಂಗೆ." ಕಣ್ಣು ಮಂಜಾಗಿ, ಕಾಲು ಸೋತು ಜಗಲಿ ಹಿಡಿದಿದ್ದರೂ ಅಜ್ಜಿಯ ಕಿವಿ, ನಾಲಿಗೆ ಎರಡೂ ಚುರುಕಾಗಿದ್ದವು.

ಅಪ್ಪ ಅಮ್ಮ ಇಬ್ಬರೂ ನೆಂಟರ ಮನೆಯ ಸಾವಿಗೆಂದು ಕ್ಯೋಟೆರಾಗೆ ಹೋದ ಮರುಬೆಳಿಗ್ಗೆ ನಬುಕಾಲು ಅಜ್ಜಿಯ ಮರವನ್ನು ಸುಲಿದಳು. ಅಜ್ಜಿಗೇನು, ಮುಂದಿನ ವರ್ಷದ್ದು ಕೊಟ್ಟರಾಯಿತು ಎಂದುಕೊಂಡಳು. ಮೇಲೊಂದು ಸುತ್ತು, ಕೆಳಗೊಂದು ಸುತ್ತು, ನಡುವೆ ಉದ್ದಕ್ಕೆ ಸೀಳು. ನೂರು ಸಲ ನೋಡಿದ ಕೆಲಸ. ಹಾಳೆ ಎಲ್ಲೂ ಹರಿಯದೆ ಕೈಗೆ ಬಂತು. ಅವಳಿಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ. ಹೊತ್ತುಕೊಂಡು ಹೋಗಿ ಕೊಡತಿ ಎತ್ತಿದಳು.

ಬಡಿದಳು, ಮಡಿಸಿದಳು, ಮತ್ತೆ ಬಡಿದಳು. ತೊಗಟೆ ಕೈಕೆಳಗೆ ಅಗಲವಾಗುತ್ತ ಹೋದಂತೆ ಹಸಿವೂ ಮರೆತುಹೋಯಿತು. ಅಯ್ಯೋ, ಹತ್ತು ವರ್ಷದಿಂದ ಅವಳದ್ದೆಂದು ಇದ್ದದ್ದು ಒಂದೇ ಕೆಲಸ, ಅದನ್ನೇ ಮರೆತಳು! ಎಲೆ ಸುತ್ತುವ ಹುಡುಗಿ ಆ ದಿನ ಕೊಡತಿ ಹಿಡಿದು ಕೂತಿದ್ದಳು; ಎಲೆ ಸುತ್ತುವವರು ಯಾರೂ ಇರಲಿಲ್ಲ. ನೆನಪಾಗಿ ಓಡಿದಾಗ ಹೊತ್ತು ಇಳಿದಿತ್ತು. ಮರದ ಮೈ ಬಿಸಿಲಿಗೆ ಒಣಗಿ ಬಿಗಿದಿತ್ತು. ಅವಸರದಲ್ಲಿ ಎಲೆ ಸುತ್ತಿ, ಯಾವತ್ತಿಗಿಂತ ಚೆನ್ನಾಗಿ ಕಟ್ಟಿದಳು.

ಮರುದಿನ ಬಂದ ಅಪ್ಪ ಅಂಗಳದಲ್ಲಿ ಹರವಿದ್ದ ಬಟ್ಟೆಯನ್ನು ನೋಡಿದ. ಅಜ್ಜಿ ಅಲ್ಲೇ ಜಗಲಿಯ ಮೇಲಿದ್ದಳು. ಬೈಯಲಿಲ್ಲ. ಅಂಚನ್ನು ಬೆರಳಲ್ಲಿ ತಿಕ್ಕಿ, "ಎಷ್ಟೊತ್ತಿಗೆ ಎಲೆ ಸುತ್ತಿದೆ?" ಎಂದಷ್ಟೇ ಕೇಳಿದ.

ನಬುಕಾಲು ಹಿರಿಯರೆದುರು ಕೂರುವಂತೆ ಮಂಡಿಯೂರಿ ಕೂತಿದ್ದಳು. ಹಾಗೆ ಕೂತೇ ಸುಳ್ಳು ಹೇಳಿದಳು. "ಸುಲಿದ ತಕ್ಷಣಾನೇ ಅಪ್ಪ."

ಅಪ್ಪ ನಂಬಿದ. ಆ ಕೆಲಸದಲ್ಲಿ ಅವಳು ಒಮ್ಮೆಯೂ ತಪ್ಪಿದವಳಲ್ಲವಲ್ಲ! ನಿಜ ಹೇಳಿದ್ದರೆ ಅಂದೇ ಎಲೆ ಬಿಚ್ಚಿ, ಸಗಣಿ ಮೆತ್ತಿ, ನೀರು ಹನಿಸಿ ಏನಾದರೂ ಮಾಡುತ್ತಿದ್ದ. ಎರಡು ವಾರ ಕಳೆದು ಎಲೆ ಬಿಚ್ಚಿದಾಗ ಕಾಂಡ ಉದ್ದಕ್ಕೂ ಬಿರುಕು ಬಿಟ್ಟಿತ್ತು. ಮೇಲಿನ ಎಲೆಗಳು ಆಗಲೇ ಉದುರತೊಡಗಿದ್ದವು. "ವಯಸ್ಸಾಗಿತ್ತು ಮರಕ್ಕೆ" ಎಂದ ಅಪ್ಪ, ಮಗಳಿಗೆ ಸಮಾಧಾನವಾಗಲೆಂದು. ಆ ಸಮಾಧಾನ ಅವಳನ್ನು ಒಳಗೊಳಗೇ ಕೊರೆಯಿತು.

ಪ್ರದರ್ಶನದಲ್ಲಿ ಅವಳ ಉಡುಪಿಗೆ ಮೊದಲ ಬಹುಮಾನ ಬಂತು. ಹೊಲಿಗೆ ಕಲಿಸುವ ಕಂಪಾಲದ ಹೆಂಗಸೊಬ್ಬಳು ಶಾಲೆ ಮುಗಿಸಿ ತನ್ನಲ್ಲಿಗೆ ಬಾ ಎಂದಳು. ಬೇಡಿದ್ದೆಲ್ಲ ಸಿಕ್ಕಿತೆನ್ನಿ. ಮನೆಗೆ ಬಂದವಳು ಉಡುಪನ್ನು ಹಾಸಿಗೆಯ ಕೆಳಗೆ ತುರುಕಿದಳು.

"ತಾರೆ ಇಲ್ಲಿ, ನೋಡೋಣ" ಎಂದಳು ಅಜ್ಜಿ ಜಗಲಿಯಿಂದ. ತೊಡೆಯ ಮೇಲೆ ಹರವಿಕೊಂಡು ಬೆರಳಾಡಿಸಿದಳು. ಸೊಂಟದ ನೆರಿಗೆ, ಕೊರಳು, ಬಾಳೆ ಹೂವಿನ ತೋಳು. "ಚೆನ್ನಾಗಿ ಬಡಿದಿದ್ದೀಯ. ನಿಮ್ಮಪ್ಪನಿಗಿಂತ ನುಣುಪು. ಆದ್ರೆ ನಂಗೆ ತೋಳು ಬೇಕಿರ್ಲಿಲ್ಲ ಮಗಳೇ. ಹೋಗೋ ಕಡೆ ಕೈ ಬೀಸ್ಕೊಂಡು ಹೋಗ್ತೀನಾ?" ಎಂದು ತಾನೇ ನಕ್ಕಳು.

ನಬುಕಾಲುಗೆ ತಡೆಯಲಾಗಲಿಲ್ಲ. "ಅಜ್ಜಿ, ನಾನು ಎಲೆ ಸುತ್ತಿದ್ದು ಸಂಜೆ."

"ಗೊತ್ತು ಕಣೆ."

"ಹೇಗೆ?"

"ಬೆಳಿಗ್ಗೆಯಿಂದ ಕೊಡತಿ ಸದ್ದು ನಿಲ್ಲಲೇ ಇಲ್ಲ. ನಿಂಗಿರೋದು ಎರಡೇ ಕೈ. ಅಲ್ಲಿ ಬಡೀತಿದ್ರೆ ಇಲ್ಲಿ ಸುತ್ತೋರು ಯಾರು? ನಂಗೆ ಕಾಲಿದ್ದಿದ್ರೆ ನಾನೇ ಹೋಗಿ ಸುತ್ತುತ್ತಿದ್ದೆ. ಕೂಗಿದೆ, ನಿಂಗೆ ಕೇಳಿಸ್ಲಿಲ್ಲ."

"ಮತ್ತೆ ಅಪ್ಪ ಕೇಳ್ದಾಗ ಯಾಕಜ್ಜಿ ಸುಮ್ನಿದ್ದೆ?"

ಅಜ್ಜಿ ಉಡುಪನ್ನು ಮಡಿಸಿ ಅವಳ ಕೈಗಿಟ್ಟಳು. "ಕೆಲಸ ನಿಂದು. ನೀನೇ ಹೇಳ್ತೀಯ ಅಂತ ಕಾದೆ. ಎರಡು ದಿನ ಕಾದೆ. ಆಮೇಲೆ ಹೇಳಿದ್ರೂ ಮರಕ್ಕೆ ಉಪಯೋಗ ಇರ್ಲಿಲ್ಲ."

ಆ ಎರಡು ದಿನವೂ ನಬುಕಾಲು ಇದೇ ಜಗಲಿಯ ಮೇಲೆ, ಅಜ್ಜಿಯ ಪಕ್ಕದಲ್ಲೇ ಕೂತು, ತೋಳಿನ ಚಿತ್ರ ತಿದ್ದುತ್ತಿದ್ದಳು.