ಮುಡಿ ಕೊಟ್ಟ ತಲೆ

ಬಾಣಸವಾಡಿಯ ಹಳೇ ಊರಿನಲ್ಲಿ, ಮುನಿಆಂಜನಪ್ಪನವರ ವಠಾರದ ಕೊನೆಯ ಕೋಣೆಯಲ್ಲಿ ಒಂದು ನೀಲಿ ಸೈಕಲ್ ಹೆಲ್ಮೆಟ್ ಮೊಳೆಗೆ ನೇತಾಡುತ್ತಿದೆ. ಅದರ ಮೇಲೆ ಒಂದು ಗೀರೂ ಇಲ್ಲ. ಅಯ್ಯಮ್ಮನಿಗೆ ಅದನ್ನು ಕಂಡರಾಗದಿರುವುದು ಆ ಕಾರಣಕ್ಕೇ.

ಅಯ್ಯಮ್ಮ, ಅವಳ ಗಂಡ ದುರ್ಗೇಶ ಸುರಪುರದ ಕಡೆಯವರು. ಮದುವೆಯಾದ ವರ್ಷ, ತೊಂಬತ್ತೆಂಟರಲ್ಲಿ, ಬೆಂಗಳೂರಿಗೆ ಬಂದರು. ಮೊದಮೊದಲು ಇಬ್ಬರದೂ ಗಾರೆ ಕೆಲಸ. ಆಮೇಲೆ ದುರ್ಗೇಶ ತೋಟದ ಕೆಲಸ ಹಿಡಿದ. ಕುಕ್ ಟೌನ್, ಬೆನ್ಸನ್ ಟೌನ್‌ಗಳ ಹಳೇ ಬಂಗಲೆಗಳಲ್ಲಿ ಬೇಲಿ ಕತ್ತರಿಸುವುದು, ಗುಲಾಬಿಗೆ ಗೊಬ್ಬರ ಹಾಕುವುದು. ಕತ್ತರಿ, ಕುರ್ಪಿಗಳನ್ನು ಸೈಕಲ್ಲಿನ ಹಿಂದೆ ಹಳೇ ಟ್ಯೂಬಿನಿಂದ ಬಿಗಿದುಕೊಂಡು ಬೆಳಗಾಗುತ್ತಲೇ ಹೊರಡುತ್ತಿದ್ದ. ಅಯ್ಯಮ್ಮ ಕುಕ್ ಟೌನಿನ ಯಮುನಾ ಎಂಬುವರ ಮನೆಯಲ್ಲಿ ಕಸ ಮುಸುರೆಗೆ ಸೇರಿದಳು.

ಎರಡು ಬಸಿರು ನಿಲ್ಲಲಿಲ್ಲ. ಮೂರನೆಯದಕ್ಕೆ ಅಯ್ಯಮ್ಮ ಊರ ಹನುಮಪ್ಪನಿಗೆ ಹರಕೆ ಹೊತ್ತಳು. ಕೂಸು ಉಳಿದರೆ ಅದರ ಜವಳದ ದಿನವೇ ಅಪ್ಪನೂ ಮುಡಿ ಕೊಡಬೇಕು. ಅಲ್ಲಿಯವರೆಗೆ ಅವನ ತಲೆಗೆ ಕತ್ತರಿ ಸೋಕಬಾರದು.

“ಹರಕಿ ನಿಂದು, ತಲಿ ನಂದು” ಎಂದು ದುರ್ಗೇಶ ನಕ್ಕು ಒಪ್ಪಿಕೊಂಡ.

ಪ್ರಿಯದರ್ಶಿನಿ ಹುಟ್ಟಿದಳು, ಉಳಿದಳು. ಮಗಳ ಕೂದಲಿನ ಜೊತೆ ಅಪ್ಪನದೂ ಬೆಳೆಯಿತು. ಭುಜ ದಾಟಿದ ಮೇಲೆ ಅದನ್ನು ಹುರಿ ಮಾಡಿ, ಸಿಂಬಿಯಂತೆ ತಲೆಯ ಸುತ್ತ ಸುತ್ತಿಕೊಳ್ಳುತ್ತಿದ್ದ. ಬೇಲಿಗೆ ಕತ್ತರಿ ಹಾಕುವವನೇ ಹೀಗೆ ಬಿಟ್ಟಿದ್ದಾನಲ್ಲ ಎಂದು ಬಂಗಲೆಯವರು ಕಿಚಾಯಿಸುತ್ತಿದ್ದರು.

ಹೆಲ್ಮೆಟ್ ಕೊಟ್ಟವರು ಯಮುನಾ. ಅವರ ಯಜಮಾನರು ಸಕ್ಕರೆ ಕಾಯಿಲೆ ಬಂದಾಗ ಸೈಕಲ್ ತುಳಿಯಲೆಂದು ಅದನ್ನು ಕೊಂಡು, ಮಂಡಿ ನೋವೆಂದು ಬಿಟ್ಟಿದ್ದರು. ಬಸ್ಸಿನ ಪಕ್ಕದಲ್ಲಿ ದುರ್ಗೇಶ ನುಸುಳಿ ಹೋಗುವುದನ್ನು ಒಮ್ಮೆ ಕಂಡ ಯಮುನಾ, ಮರುದಿನ ಅವನನ್ನು ಮೆಟ್ಟಿಲ ಮೇಲೆ ಕೂರಿಸಿ ತಾವೇ ಹೆಲ್ಮೆಟ್ ತೊಡಿಸಿದರು. ಕೂದಲ ಸಿಂಬಿಯ ಮೇಲೆ ಅದು ಇಳಿಯಲೇ ಇಲ್ಲ. ಒಳಗಿನ ಸ್ಪಂಜಿನ ತುಂಡುಗಳನ್ನೆಲ್ಲ ಕಿತ್ತು, ಪಟ್ಟಿಯನ್ನು ಕೊನೆಯವರೆಗೆ ಸಡಿಲಿಸಿದ ಮೇಲೆ ಸರಿಯಾಗಿ ಕೂತಿತು. ಮುಂದಿನ ಅಂಚು ಹುಬ್ಬಿಗಿಂತ ಎರಡು ಬೆರಳು ಮೇಲೆ. ಗದ್ದದ ಪಟ್ಟಿಯ ಕೆಳಗೆ ಒಂದು ಬೆರಳು ತೂರುವಷ್ಟು ಜಾಗ. ತಲೆ ಕೊಡವಿದರೆ ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು, ತಾನೊಂದೇ ಅಲುಗಬಾರದು.

“ಈಗ ಕೂದಲಿಗೆ ಫಿಟ್ ಮಾಡಿದ್ದೀನಿ. ಕೂದಲು ತೆಗೆಸಿದ್ರೆ ಮತ್ತೆ ಅಡ್ಜಸ್ಟ್ ಮಾಡ್ಬೇಕು, ಗೊತ್ತಾಯ್ತಾ?” ಎಂದರು ಯಮುನಾ. ಪೊರಕೆ ಹಿಡಿದು ನಿಂತಿದ್ದ ಅಯ್ಯಮ್ಮ ಈ ಮಾತು ಕೇಳಿಸಿಕೊಂಡಳು. ಸ್ಪಂಜಿನ ತುಂಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ತಂದಳು. ಅವು ಮಗಳ ಗೊಂಬೆಗೆ ಹಾಸಿಗೆಯಾದವು.

ಎರಡು ಸಾವಿರದ ಐದರ ಬೇಸಿಗೆಯಲ್ಲಿ ಜವಳವಾಯಿತು. ತಂದೆ ಮಗಳು ಬೋಳು ತಲೆಗೆ ಗಂಧ ಹಚ್ಚಿಕೊಂಡು ಬಸ್ಸಿಳಿದರು. ಮಾರನೆಯ ಬೆಳಗ್ಗೆ ದುರ್ಗೇಶ ಹೆಲ್ಮೆಟ್ ಹಾಕಿಕೊಂಡರೆ ಅದು ಮೂಗಿನವರೆಗೆ ಜಾರಿತು. “ಅಪ್ಪ ಗಡಿಗಿ!” ಎಂದು ಮಗಳು ಕೈ ತಟ್ಟಿದಳು. ನಲ್ಲಿಯ ಹತ್ತಿರ ನಿಂತಿದ್ದವರೆಲ್ಲ ನಕ್ಕರು. ಅಯ್ಯಮ್ಮನಿಗೆ ಯಮುನಾ ಅವರ ಮಾತು ನೆನಪಾಗಿ ಸ್ಪಂಜು ತರಲು ಒಳಗೆ ಹೋದಳು. ಗೊಂಬೆಯ ಹಾಸಿಗೆ ಎಳೆದದ್ದೇ ತಡ, ಮಗಳು ನಗುವುದು ಬಿಟ್ಟು ಅಳತೊಡಗಿದಳು.

“ಕೂಸಿಗೆ ಯಾಕ ಅಳಸ್ತಿ? ಕೂದ್ಲಾ ಬೆಳೀತಾವ ಬಿಡು, ತಾನೇ ಸರಿ ಕೂಡ್ತದ” ಎಂದ ದುರ್ಗೇಶ. ಟವೆಲ್ಲನ್ನು ಮಡಿಸಿ ಹೆಲ್ಮೆಟ್ಟಿನೊಳಗೆ ತುರುಕಿಕೊಂಡ.

ಸಂಜೆ ಬಿಗಿ ಮಾಡುತ್ತೇನೆ ಎಂದಳು ಅಯ್ಯಮ್ಮ. ಸಂಜೆ ಅಡುಗೆ, ನೀರು. ಮರುದಿನವೂ ಅಷ್ಟೇ. ಮೂರು ವರ್ಷ ಬೆಳೆದ ಕೂದಲು ಮೂರು ವಾರದಲ್ಲಿ ಬರುವುದಿಲ್ಲವೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ದಿನಾ ಅವನು ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಇನ್ನೊಂದರಲ್ಲಿ ಹೆಲ್ಮೆಟ್ ಮೇಲಕ್ಕೆ ತಳ್ಳಿಕೊಳ್ಳುತ್ತ ಗಲ್ಲಿ ದಾಟುವುದನ್ನು ಅವಳು ನೋಡುತ್ತಿದ್ದಳು.

ಒಂದು ದಿನ ಮಾರುತಿ ಸೇವಾ ನಗರದ ಹತ್ತಿರ, ನಿಂತಿದ್ದ ಕಾರಿನ ಬಾಗಿಲು ಅವನ ಸೈಕಲ್ಲಿಗೆ ಅಡ್ಡವಾಗಿ ತೆರೆದುಕೊಂಡಿತು. ವೇಗವೇನೂ ಇರಲಿಲ್ಲ. ಅವನನ್ನು ಆಟೋದಲ್ಲಿ ಆಸ್ಪತ್ರೆಗೆ ತಂದವನು ತಳ್ಳುಗಾಡಿಯಲ್ಲಿ ಹಣ್ಣು ಮಾರುವ ಗಯಾಜ್. ಹೆಲ್ಮೆಟ್ಟನ್ನೂ ಮರೆಯದೆ ಎತ್ತಿಕೊಂಡು ಬಂದಿದ್ದ. ಅಯ್ಯಮ್ಮ ಕೇಳಿದಾಗ ಕಂಡದ್ದನ್ನು ಕಂಡಂತೆ ಹೇಳಿದ. “ಮೊದ್ಲು ಟೋಪಿ ಹಾರ್ಕೊಂಡು ಹೋಯ್ತಮ್ಮ. ತಲೆ ಕಲ್ಲಿಗೆ ಬಿದ್ದಿದ್ದು ಆಮೇಲೆ.”

ದುರ್ಗೇಶ ಬದುಕಿದ. ಬಲಗೈಯಲ್ಲಿ ಶಕ್ತಿಯಿಲ್ಲ. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿಯಬೇಕು. ಮಾತು ಹುಡುಕಿ ಹುಡುಕಿ ಬರುತ್ತದೆ. ಕತ್ತರಿ ಕೈಗಿಟ್ಟರೆ ತಿರುಗಿಸಿ ನೋಡಿ, ಕೆಳಗಿಡುತ್ತಾನೆ. ಅಯ್ಯಮ್ಮ ಈಗ ಇನ್ನೂ ಎರಡು ಮನೆಗಳ ಕೆಲಸ ಹಿಡಿದಿದ್ದಾಳೆ.

ವಠಾರದ ತೀರ್ಪು ಬೇಗ ಬಂತು. “ಹೆಲ್ಮೆಟ್ ಹಾಕಿದ್ರೂ ಹಿಂಗಾಯ್ತಲ್ಲಮ್ಮ, ಹಣೇಲಿ ಬರೆದಿದ್ದನ್ನ ಅದೇನು ತಡೀತದೆ” ಎಂದರು ಮುನಿಆಂಜನಪ್ಪ. ಊರಿನಿಂದ ಬಂದ ಅತ್ತೆಯ ಲೆಕ್ಕ ಬೇರೆ. ಹರಕೆಯಲ್ಲಿ ಏನೋ ಕೊರತೆಯಾಗಿದೆ, ಮಗನ ಕೂದಲು ಮತ್ತೆ ಬೆಳೆಯಬಿಡಬೇಕು, ಅವನು ನೆಟ್ಟಗಾದ ಮೇಲೆ ಇನ್ನೊಮ್ಮೆ ಮುಡಿ ಕೊಡಬೇಕು ಎಂದು ಹಟ ಹಿಡಿದರು.

ಅಯ್ಯಮ್ಮ ಅತ್ತೆಗೆ ಎದುರಾಡಿದವಳಲ್ಲ. ಅಂದು ಮಾತ್ರ ಹೇಳಿದಳು, “ದೇವ್ರು ತನ್ನ ಕೆಲಸ ಮಾಡ್ಯಾನತ್ತಿ. ಕೂಸು ಕೊಟ್ಟಾನ. ಪಟ್ಟಿ ಬಿಗಿಯೂದು ನಂದಿತ್ತು.”

ಅತ್ತೆ ಮುನಿಸಿಕೊಂಡು ಊರಿಗೆ ಹೋದರು. ಆ ವಾರವೇ ಅಯ್ಯಮ್ಮ ಗಂಡನನ್ನು ಕೈಹಿಡಿದು ನಡೆಸಿಕೊಂಡು ಹೋಗಿ ಕ್ಷೌರ ಮಾಡಿಸಿದಳು. ಮನೆಗೆ ಬಂದು, ಮಗಳು ಶಾಲೆಗೆ ಹೋಗಿದ್ದಾಗ, ಸ್ಪಂಜಿನ ತುಂಡುಗಳನ್ನು ತೊಳೆದು ಒಣಗಿಸಿ ಹೆಲ್ಮೆಟ್ಟಿನೊಳಗೆ ಒಂದೊಂದಾಗಿ ಅಂಟಿಸಿದಳು. ಪಟ್ಟಿ ಎಳೆದು ಬಿಗಿದಳು. ಯಾಕೆಂದು ಅವಳನ್ನು ಯಾರೂ ಕೇಳಲಿಲ್ಲ.

ಒಂದು ಬೆಳಗ್ಗೆ ಅವಳು ನೀರು ಹಿಡಿದು ಒಳಗೆ ಬಂದಾಗ ದುರ್ಗೇಶ ಅದನ್ನು ಮೊಳೆಯಿಂದ ತೆಗೆದು ಹಾಕಿಕೊಂಡು ಮಂಚದ ಮೇಲೆ ಕುಳಿತಿದ್ದ. ಕೊಕ್ಕೆ ಹಾಕಲು ಎಡಗೈಯೊಂದಕ್ಕೇ ಆಗುತ್ತಿರಲಿಲ್ಲ. ಅಯ್ಯಮ್ಮ ಕೊಡ ಇಳಿಸಿ ಕೊಕ್ಕೆ ಹಾಕಿದಳು. ಹುಬ್ಬಿನ ಮೇಲೆ ಎರಡು ಬೆರಳಿಟ್ಟು ನೋಡಿದಳು. ಗದ್ದದ ಕೆಳಗೆ ಒಂದು ಬೆರಳು ತೂರಿಸಿದಳು. ಅವನ ತಲೆಯನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಿದಳು. ಹೆಲ್ಮೆಟ್ ಅಲುಗಲಿಲ್ಲ.

ಅವನು ಗೋಡೆ ಹಿಡಿದು ಎದ್ದು, ಬಾಗಿಲಾಚೆ ಸೈಕಲ್ ನಿಲ್ಲಿಸುತ್ತಿದ್ದ ಜಾಗಕ್ಕೆ ಹೋದ. ಅಲ್ಲಿ ನೀರಿನ ಡ್ರಮ್ಮು ಇತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿದ.

“ಸೈಕಲ್... ಎಲ್ಲದ?”

ಮಾರಿದ್ದೇವೆ ಎಂದು ಅಯ್ಯಮ್ಮ ಹೇಳಿದಳು. ಹಿಂದೆಯೂ ಹೇಳಿದ್ದಳು. ಅವನು ತಲೆಯಾಡಿಸಿದ, ಹೆಲ್ಮೆಟ್ ತಲೆಯ ಜೊತೆಗೇ ಆಡಿತು. ಅವಳು ಕೊಕ್ಕೆ ಬಿಚ್ಚಲು ಕೈ ಎತ್ತಿದಾಗ ಅವನು ಮುಖ ಹಿಂದಕ್ಕೆಳೆದುಕೊಂಡ. ಕೆಲಸದ ಮನೆಗೆ ಹೊತ್ತಾಗುತ್ತಿತ್ತು. ಅವಳು ಅವನನ್ನು ಹಾಗೆಯೇ ಹೊಸ್ತಿಲ ಮೇಲೆ ಕೂರಿಸಿ ಹೊರಟಳು.