ತೊಟ್ಟಿಲಲ್ಲಿ ಮಲಗಿದ್ದ ಕಲ್ಲು

ಆ ಸದ್ದು ಕಿವಿಗೆ ಬಿದ್ದಾಗ ನಾನಿನ್ನೂ ಮ್ಯೂಸಿಯಮ್ಮಿನ ಗೇಟಿನಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದೆ. ಕಿರ್, ಕಿರ್ ಅಂತ ಕಬ್ಬಿಣದ ಸರಪಳಿ ತೊಲೆಯ ಬಳೆಗೆ ಉಜ್ಜುವ ಸದ್ದು. ತೊಟ್ಟಿಲಲ್ಲಿ ಕೂಸು ಮಲಗಿದ್ದರೆ ಸರಪಳಿ ಹಾಗೆ ಕೂಗುವುದಿಲ್ಲ. ಭಾರಕ್ಕೆ ಅದರ ದನಿ ದಪ್ಪಗಾಗುತ್ತದೆ, ಆ ತುದಿಗೊಮ್ಮೆ ಈ ತುದಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತದೆ. ಇದು ತೆಳ್ಳಗಿನ, ಅವಸರದ ಸದ್ದು. ಬರಿ ತೊಟ್ಟಿಲಿನ ಸದ್ದು. ಐವತ್ತು ವರ್ಷದ ಹಿಂದೆ ಒಂದು ಮಟಮಟ ಮಧ್ಯಾಹ್ನ ಇದೇ ಸದ್ದು ಮಾಡಿದವಳು ನಾನು. ಪೆನ್ನು ಬಿಸಾಕಿ ಓಡಿದೆ ಅಂತ ಹೇಳಿಕೊಳ್ಳಲು ಆಸೆ, ಆದರೆ ಓಡಲಿಲ್ಲ.

ಈ ಮ್ಯೂಸಿಯಂ ಇರುವುದು ನ್ಯಾಮತಿಯಿಂದ ಹೊನ್ನಾಳಿಗೆ ಹೋಗುವ ದಾರಿಯಲ್ಲಿ. ಹಳೇ ಕಾಲದ ಒಕ್ಕಲು ಮನೆ ಹೇಗಿತ್ತು ಅಂತ ಪಟ್ಟಣದವರಿಗೆ, ಶಾಲೆ ಮಕ್ಕಳಿಗೆ ತೋರಿಸುವ ಜಾಗ. ಕಣವಿದೆ, ಬಣವೆಯಿದೆ, ಎರಡು ಜೊತೆ ಎತ್ತುಗಳಿವೆ, ಮಣ್ಣಿನ ಮಾಳಿಗೆಯ ದೊಡ್ಡ ಮನೆಯಿದೆ, ಅದರೊಳಗೆ ಹಳೇ ಸೀರೆಯುಟ್ಟು ಹಳೇ ಕೆಲಸ ಮಾಡುತ್ತ ಕೂರುವ ನಾವಿದ್ದೇವೆ. ಸುತ್ತಲಿನ ಹಳ್ಳಿಯವರು ಇದನ್ನು ಸುಳ್ಳೂರು ಅಂತ ಕರೆದು ನಗುತ್ತಾರೆ. ನಾನು ಸುಳ್ಳೂರಿನ ಅಜ್ಜಿ. ನನಗಿನ್ನೂ ಅರವತ್ತು ತುಂಬಿಲ್ಲ, ಆದರೂ ಮ್ಯಾನೇಜರ್ ಹುಡುಗ ಬಾಯಿ ತುಂಬ ಅಜ್ಜಿ ಅಂತಲೇ ಕರೆಯುತ್ತಾನೆ. ಬೀಸುವುದು, ಕುಟ್ಟುವುದು, ಕೇರುವುದು ನನ್ನ ಪಾಲಿನ ಕೆಲಸ. ಕಷ್ಟವೇನೆಂದರೆ ಇಲ್ಲಿ ಎಲ್ಲವನ್ನೂ ಬರಿದಾಗಿಯೇ ಮಾಡಬೇಕು, ಕಾಳು ದಂಡವಾಗುತ್ತದಂತೆ. ನಮ್ಮಜ್ಜಿ ಇದ್ದಿದ್ದರೆ ಒನಕೆ ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದಳು. ಬರಿ ಕಲ್ಲು ಬೀಸಬೇಡ, ಬರಿ ಒರಳು ಕುಟ್ಟಬೇಡ, ಬರಿ ಮೊರ ಕೇರಬೇಡ, ಬರಿ ತೊಟ್ಟಿಲು ತೂಗಬೇಡ. ನಾವು ಅಕ್ಷರ ಕಲಿಯುವ ಮೊದಲೇ ಕಲಿತ ಪಾಠ ಇದು. ಅದಕ್ಕೇ ದಿನಾ ಮಡಿಲಲ್ಲಿ ಒಂದು ಹಿಡಿ ಜೋಳ ಕಟ್ಟಿಕೊಂಡು ಬಂದು, ಯಾರಿಗೂ ಕಾಣದಂತೆ ಬೀಸುವ ಕಲ್ಲಿನ ಬಾಯಿಗೆ ಹಾಕುತ್ತೇನೆ. ತೊಟ್ಟಿಲಿನ ಹಗ್ಗವನ್ನು ಮಾತ್ರ ಮೇಲಿನ ಗೂಟಕ್ಕೆ ಸುತ್ತಿ, ಯಾರ ಕೈಗೂ ಎಟುಕದಂತೆ ಬಿಗಿದಿಟ್ಟಿದ್ದೆ.

ಯಾಕೆಂದರೆ ಆ ತೊಟ್ಟಿಲು ನಮ್ಮದು. ಇದನ್ನು ನಾನು ಇಲ್ಲಿ ಯಾರಿಗೂ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ದಿನ ಮ್ಯಾನೇಜರ್ ಮನೆ ತೋರಿಸುತ್ತ ಮುಂದೆ ಹೋಗುತ್ತಿದ್ದ, ನಾನು ಹಿಂದೆ. ಹೊಸಿಲಿಗೆ ಅವನು ಎಡವಿದ. ನನ್ನ ಕಾಲು ತಾನಾಗಿ ಗೇಣೆತ್ತರ ಎದ್ದು ದಾಟಿತು. ಬಗ್ಗಿ ನೋಡಿದರೆ ನಮ್ಮ ಮನೆಯ ಹೊಸಿಲು, ಬಲತುದಿಗೆ ಅಜ್ಜಿ ಹೊಡೆಸಿದ ಕುದುರೆ ಲಾಳ ಇನ್ನೂ ಇತ್ತು. ಒಳಗೆ ನಮ್ಮ ತೊಟ್ಟಿಲು, ನಾಲ್ಕು ಮೂಲೆಗೆ ನಾಲ್ಕು ಮರದ ಗಿಣಿ, ಒಂದಕ್ಕೆ ಕೊಕ್ಕಿಲ್ಲ. ಅಡಿಗೆ ಕೋಣೆಯಲ್ಲಿ ನಮ್ಮ ರುಬ್ಬುವ ಕಲ್ಲು, ಅದರೊಳಗೆ ಅದರ ಗುಂಡು. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಪಾಲಾಗಿ ಮನೆ ಬಿಚ್ಚಿದಾಗ ಹಳೇ ಮರದ ವ್ಯಾಪಾರಿಯೊಬ್ಬ ಎಲ್ಲವನ್ನೂ ಲಾರಿಗೆ ತುಂಬಿಕೊಂಡು ಹೋಗಿದ್ದ. ಆ ಲಾರಿ ಎಲ್ಲೆಲ್ಲಿ ಸುತ್ತಿತೋ, ಕೊನೆಗೆ ಖಾಲಿಯಾದದ್ದು ಇಲ್ಲಿ. ನಮ್ಮ ಮನೆಯನ್ನು ಕಂಡೇ ಇರದವರು ಕಟ್ಟಿದ ಮನೆ ಇದು. ಆದರೂ ತೊಟ್ಟಿಲನ್ನು ಬೆಳಕಿಂಡಿಯ ಕೆಳಗೇ, ಅಡಿಗೆ ಕೋಣೆಯ ಬಾಗಿಲಿಗೆ ನೇರವಾಗಿಯೇ ತೂಗುಹಾಕಿದ್ದರು. ಹಾಗೆ ಹಾಕಿ ಅಂತ ಅವರಿಗೆ ಹೇಳಿದವರು ಯಾರು? ಮ್ಯಾನೇಜರನ್ನು ಕೇಳಿದೆ. ಅಲ್ಲಿ ಬೆಳಕು ಬೀಳುತ್ತೆ, ಫೋಟೊ ಚೆನ್ನಾಗಿ ಬರುತ್ತೆ ಅಂದ. ಇದ್ದರೂ ಇರಬಹುದು.

ನಮ್ಮ ಮನೆ ಇದ್ದದ್ದು ಜಗಳೂರು ಸೀಮೆಯಲ್ಲಿ, ಸೊಕ್ಕೆ ಕಡೆ. ಹೊರಗೆ ಬಿಸಿಲಿಗೆ ನೆಲ ಬಿರಿಯುತ್ತಿದ್ದರೂ ಒಳಗೆ ಮಣ್ಣಿನ ಗೋಡೆಯ ತಂಪು. ಎತ್ತುಗಳು ನಮ್ಮ ಜೊತೆಗೇ ಒಂದೇ ಸೂರಿನಡಿ, ಒಂದು ಮೆಟ್ಟಿಲು ಕೆಳಗೆ. ಸಗಣಿ, ಜೋಳದ ಸೊಪ್ಪೆ, ಒಲೆಯ ಬೂದಿ, ಕೂಸಿನ ತಲೆಯ ಹರಳೆಣ್ಣೆ, ಇವೆಲ್ಲ ಸೇರಿ ಒಂದೇ ವಾಸನೆಯಾಗುತ್ತಿತ್ತು. ನೀವೂ ಅಂಥ ಮನೆಯಲ್ಲಿ ಹುಟ್ಟಿದವರಾದರೆ ಬೆಳಕಿಂಡಿಯಿಂದ ಇಳಿಯುವ ಆ ಬಿಸಿಲ ಕಂಬ ನಿಮಗೆ ಗೊತ್ತು. ಬೆಳಿಗ್ಗೆ ಗೋದಲಿಯ ಹತ್ತಿರ ನಿಂತದ್ದು ಮಧ್ಯಾಹ್ನಕ್ಕೆ ತೊಟ್ಟಿಲೊಳಗೆ ಇಳಿಯುತ್ತಿತ್ತು, ಸಂಜೆಗೆ ಗೋಡೆ ಹತ್ತಿ ಹೋಗುತ್ತಿತ್ತು. ಅದರೊಳಗೆ ಧೂಳು ತೇಲುವುದನ್ನು ನೋಡುತ್ತ ಕೂತರೆ ನನಗೆ ಊಟದ ನೆನಪೂ ಇರುತ್ತಿರಲಿಲ್ಲ. ಈಗ ಆ ಜಾಗದಲ್ಲಿ ಜಾಲಿ ಬೆಳೆದಿದೆ.

ತಮ್ಮ ಹುಟ್ಟಿದಾಗ ನನಗೆ ಏಳು ವರ್ಷ. ಅವನನ್ನು ತೊಟ್ಟಿಲಿಗೆ ಹಾಕುವ ದಿನ, ನಮ್ಮಲ್ಲಿ ಪದ್ಧತಿಯಿರುವಂತೆ, ಮೊದಲು ಮಲಗಿಸಿದ್ದು ರುಬ್ಬುವ ಗುಂಡನ್ನು. ಅದನ್ನು ತೊಳೆದು, ಎಣ್ಣೆ ಸವರಿ, ಕುಲಾವಿ ಹಾಕಿ, ಬಟ್ಟೆ ಸುತ್ತಿದರು. ಐದು ಜನ ಮುತ್ತೈದೆಯರು ತೊಟ್ಟಿಲಿನ ಕೆಳಗಿಂದೊಮ್ಮೆ ಮೇಲಿಂದೊಮ್ಮೆ ಅದನ್ನು ಕೈಯಿಂದ ಕೈಗೆ ದಾಟಿಸಿ, ಗುಂಡಪ್ಪ ಅಂತ ಕರೆದು, ತೂಗಿ ಹಾಡಿದರು. ಕೂಸು ಕಲ್ಲಿನಂಗೆ ಗಟ್ಟಿಯಾಗಲಿ ಅಂತ. ಆಮೇಲೆ ಗುಂಡಪ್ಪನನ್ನು ತೆಗೆದು ತಮ್ಮನನ್ನು ಮಲಗಿಸಿದರು. ಹಂಗೆ ಜಾಗ ಕಿತ್ತುಕೊಂಡರೆ ಕಲ್ಲಿಗೆ ಸಿಟ್ಟು ಬರುವುದಿಲ್ಲವಾ ಅಂತ ನಾನು ಕೇಳಿದ್ದಕ್ಕೆ ಹೆಂಗಸರೆಲ್ಲ ಬಿದ್ದುಬಿದ್ದು ನಕ್ಕರು. ನಮ್ಮಜ್ಜಿ ಮಾತ್ರ ನಗಲಿಲ್ಲ.

ಅವನಿಗೆ ಮೂರು ತಿಂಗಳಾದಾಗಿನ ಮಾತು. ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ಗಂಡಸರು ಹೊಲಕ್ಕೆ ಹೋಗಿದ್ದರು, ಅಜ್ಜಿ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು, ಅವ್ವ ತಮ್ಮನನ್ನು ಎತ್ತಿಕೊಂಡು ನೀರೆರೆಯಲು ಬಚ್ಚಲಿಗೆ ಹೋಗಿದ್ದಳು. ಬಿಸಿಲ ಕಂಬ ಬರಿ ತೊಟ್ಟಿಲೊಳಗೆ ಇಳಿದಿತ್ತು. ಅದು ತೂಗಿದರೆ ಬೆಳಕೂ ತೂಗುತ್ತದಾ ಅಂತ ನೋಡುವ ಆಸೆಗೆ ಹಗ್ಗ ಎಳೆದೆ. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ ಎಳೆದೆ. ತೂಗುತ್ತ ತೂಗುತ್ತ ಒಳಗೆ ಯಾರೋ ಇದ್ದಾರೆ ಅನ್ನಿಸಿತು. ಅಷ್ಟರಲ್ಲಿ ಅಜ್ಜಿಯ ಹೆಜ್ಜೆ ಸಪ್ಪಳ ಕೇಳಿತು. ಹಗ್ಗ ಬಿಟ್ಟು, ಕಾಳು ತುಂಬಿದ ಮಣ್ಣಿನ ವಾಡೆಯ ಹಿಂದೆ ಅಡಗಿದೆ. ಅಜ್ಜಿ ಬಂದು, ಯಾರೂ ತೂಗದೆ ತೂಗುತ್ತಿದ್ದ ತೊಟ್ಟಿಲನ್ನು ಎರಡೂ ಕೈಯಿಂದ ಹಿಡಿದು ನಿಲ್ಲಿಸಿದಳು. ಒದ್ದೆ ಕೂಸನ್ನು ಎದೆಗೆ ಒತ್ತಿಕೊಂಡು ಅವ್ವ ಬಚ್ಚಲ ಬಾಗಿಲಿಗೆ ಬಂದಳು. ಅವಳ ಕಣ್ಣು ತೊಟ್ಟಿಲಿಗೆ ಹೋಗಿ, ವಾಡೆಯ ಕಡೆ ಬಂದು, ಅಲ್ಲಿ ನಿಲ್ಲದೆ ಮುಂದೆ ಹೋಯಿತು.

ನಾಲ್ಕನೇ ದಿನ ತಮ್ಮ ಜ್ವರದಲ್ಲಿ ತೀರಿಕೊಂಡ. ಆ ವರ್ಷ ಊರಿನಲ್ಲಿ ಇನ್ನೂ ಮೂರು ಮನೆಯ ಕೂಸುಗಳು ಅದೇ ಜ್ವರಕ್ಕೆ ಹೋದವು, ಅದು ಈಗಿನ ನನ್ನ ಬುದ್ಧಿಗೆ ಗೊತ್ತು. ಏಳು ವರ್ಷದವಳಿಗೆ ಹೇಳುವವರು ಯಾರು? ಮಣ್ಣು ಮಾಡಿ ಬಂದ ಮೇಲೆ ಅಜ್ಜಿ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿಕೊಂಡು, ಬರಿ ತೊಟ್ಟಿಲು ತೂಗಿದವರು ಯಾರು ಅಂತ ಕೇಳಿದಳು. ಆಗ ಅವ್ವ ತಲೆ ಎತ್ತದೆ ಹೇಳಿದಳು.

"ನಾನೇ ಅತ್ತಿ. ಎರೆಯಾಗ ಕೂಸಿನ ಬಟ್ಟೆ ತಗೊಳ್ಳಾಕೆ ಬಂದಾಗ ಕೈ ತಾಗಿ ತೂಗ್ತು. ತಪ್ಪು ನಂದೇ ಐತೆ."

ಅಜ್ಜಿ ಸಾಯುವವರೆಗೆ ಅವ್ವನ ಜೊತೆ ನೇರವಾಗಿ ಮಾತಾಡಲಿಲ್ಲ. ಏನು ಬೇಕಾದರೂ ನನ್ನ ಮೂಲಕ ಹೇಳಿಸುತ್ತಿದ್ದಳು. ನಿಮ್ಮವ್ವಗೆ ಹೇಳು, ಉಪ್ಪು ಜಾಸ್ತಿ ಆಗೈತೆ ಅಂತ. ನಿಮ್ಮವ್ವಗೆ ಹೇಳು, ನೀರಿಗೆ ಹೋಗಾಕೆ ಹೊತ್ತಾತು ಅಂತ. ಎದುರಿಗೇ ನಿಂತಿದ್ದವಳಿಗೆ ಅದನ್ನೇ ಮತ್ತೆ ಹೇಳುವ ಕೆಲಸ ನನ್ನದು. ನಿಜ ಹೇಳಬಹುದಿತ್ತು. ದಿನಾ ಹೇಳಬಹುದಿತ್ತು, ಹೇಳಲಿಲ್ಲ. ಅವ್ವ ಅತ್ತದ್ದನ್ನೂ ನಾನು ನೋಡಲಿಲ್ಲ. ಅಪರಾಧ ಒಪ್ಪಿಕೊಂಡವಳಿಗೆ ಆ ಮನೆಯಲ್ಲಿ ಅಳುವ ಹಕ್ಕಿರಲಿಲ್ಲ ಅಂತ ಕಾಣುತ್ತದೆ.

ಒಂದೆರಡು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಅವ್ವ ರುಬ್ಬುವ ಗುಂಡನ್ನು ಎತ್ತಿ ತಂದಳು. ಬಿಸಿನೀರಲ್ಲಿ ತೊಳೆದಳು, ಎಣ್ಣೆ ಹಚ್ಚಿದಳು, ತಮ್ಮನ ಕುಲಾವಿ ಹಾಕಿದಳು, ಕೆನ್ನೆ ಇರಬೇಕಾದ ಕಡೆ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟಳು. ತೊಟ್ಟಿಲಲ್ಲಿ ಮಲಗಿಸಿ ನನ್ನನ್ನು ಕರೆದು ಕೈಗೆ ಹಗ್ಗ ಕೊಟ್ಟಳು.

"ತೂಗು ಗಿರಿಜಾ. ಈಗ ಬರಿದಲ್ಲ."

ನನಗೆ ಇದು ಶಿಕ್ಷೆ ಅನ್ನಿಸಿತು. ಅವ್ವನಿಗೆ ಗೊತ್ತು, ಅದಕ್ಕೇ ನನ್ನ ಕೈಯಿಂದ ದಿನಾ ತೂಗಿಸುತ್ತಾಳೆ ಅಂತ. ಅಳುತ್ತ ತೂಗುತ್ತಿದ್ದೆ. ಮನೆಯವರು ಅವ್ವನ ತಲೆ ಕೆಟ್ಟಿದೆ ಅಂದರು, ಆದರೆ ಆ ಗುಂಡನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಚಟ್ನಿ ರುಬ್ಬಲು ಚಿಕ್ಕಮ್ಮ ಪಕ್ಕದ ಮನೆಗೆ ಹೋಗುತ್ತಿದ್ದಳು. ಎಷ್ಟೋ ದಿನ ಶಾಲೆಯಿಂದ ಬರುವಾಗ ಅಂಗಳಕ್ಕೇ ಆ ಸದ್ದು ಕೇಳುತ್ತಿತ್ತು, ದಪ್ಪಗೆ, ಆ ತುದಿಗೊಮ್ಮೆ ಈ ತುದಿಗೊಮ್ಮೆ ನಿಂತು. ಅವ್ವ ತೂಗುತ್ತಿದ್ದಾಳೆ ಅಂದುಕೊಂಡು ಒಳಗೆ ಬಂದರೆ ಅವ್ವ ಒಲೆ ಮುಂದೆ ರೊಟ್ಟಿ ಬಡಿಯುತ್ತಿರುತ್ತಿದ್ದಳು. ಗುಂಡನ್ನು ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಬೆಳಕಿಂಡಿಯ ಬಿಸಿಲಿಗೆ ಕಾದಿರಬೇಕು ಅಂದುಕೊಳ್ಳುತ್ತಿದ್ದೆ, ಮೋಡ ಮುಸುಕಿದ ದಿನಗಳಲ್ಲೂ. ಎರಡು ವರ್ಷ ಹೀಗೇ ನಡೆಯಿತು. ಒಂದು ದಿನ ತೂಗುತ್ತ ತೂಗುತ್ತ ಅದ್ಯಾವ ಜ್ಞಾನದಲ್ಲೋ ನಾನು ಹಾಡು ಗುನುಗಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. ಮರುದಿನ ನೋಡಿದರೆ ಗುಂಡು ಅಡಿಗೆ ಕೋಣೆಗೆ ವಾಪಸು ಹೋಗಿತ್ತು, ಅವ್ವ ಅದರಲ್ಲಿ ದೋಸೆಗೆ ಅಕ್ಕಿ ರುಬ್ಬುತ್ತಿದ್ದಳು. ಯಾಕೆ ಅಂತ ಅವಳು ಸಾಯುವವರೆಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾಡಿಗೆಯ ಬೊಟ್ಟು ಮಾತ್ರ ಕಲ್ಲಿನಿಂದ ಹೋಗಲೇ ಇಲ್ಲ.

ಮೊನ್ನೆ ಆ ಬರಿ ತೊಟ್ಟಿಲಿನ ಸದ್ದು ಕೇಳಿ ಗೇಟಿನಿಂದ ಹೇಗೋ ಕಾಲೆಳೆದುಕೊಂಡು ಒಳಗೆ ಬಂದೆ. ಹಗ್ಗ ಶಾಹೀನಾಳ ಕೈಯಲ್ಲಿತ್ತು. ಶಾಹೀನಾ ನ್ಯಾಮತಿಯ ಗಾದಿ ಹೊಲೆಯುವ ಮನೆತನದ ಹುಡುಗಿ, ಮ್ಯೂಸಿಯಮ್ಮಿನಲ್ಲಿ ನನ್ನ ಪಕ್ಕ ಕೂತು ಕೌದಿ ಹೊಲೆಯುತ್ತಾಳೆ. ಮದುವೆಯಾಗಿ ಆರು ವರ್ಷ ಕಾದ ಮೇಲೆ ಈಗ ಏಳು ತಿಂಗಳ ಬಸುರಿ. ಹಿಂದಿನ ದಿನ ನಾನು ರಜೆಯಲ್ಲಿದ್ದೆ. ತೊಟ್ಟಿಲು ಸುಮ್ಮನೆ ನೇತಾಡಿದರೆ ಯಾರು ನೋಡುತ್ತಾರೆ ಅಂತ ಮ್ಯಾನೇಜರ್ ಏಣಿ ಹಾಕಿ ಹಗ್ಗ ಬಿಚ್ಚಿ ಇವಳ ಕೈಗೆ ಕೊಟ್ಟಿದ್ದನಂತೆ. ಅದರೊಳಗಿದ್ದ ಪ್ಲಾಸ್ಟಿಕ್ ಬೊಂಬೆಯ ಕೈಕಾಲನ್ನು ಶಾಲೆ ಮಕ್ಕಳು ಎಂದೋ ಕಿತ್ತಿದ್ದರಿಂದ ಅದನ್ನೂ ತೆಗೆದುಹಾಕಿದ್ದರು, ತೊಟ್ಟಿಲು ಬರಿದಾಗಿತ್ತು. ನನ್ನ ಮುಖ ನೋಡಿದ್ದೇ ಶಾಹೀನಾಳ ಕೈ ನಿಂತಿತು. ತುಟಿ ಬಿಳುಚಿಕೊಂಡಿತು.

"ನಮ್ಮನ್ಯಾಗೂ ಅಂತಾರೆ ಅಕ್ಕಾ, ಖಾಲಿ ತೊಟ್ಲು ತೂಗಬಾರ್ದು ಅಂತ. ನಂಗೆ ನೆನಪೇ ಆಗಲಿಲ್ಲ. ನಿನ್ನೆಯಿಂದ ತೂಗೀನಿ. ಬೆಳಿಗ್ಗೆಯಿಂದ ಹೊಟ್ಟ್ಯಾಗೆ ಮಿಸುಕಾಡಿಲ್ಲ."

ಅವಳ ಕಣ್ಣಲ್ಲಿ ವಾಡೆಯ ಹಿಂದೆ ಅಡಗಿದ್ದ ಹುಡುಗಿಯನ್ನು ನೋಡಿದೆ. ಏನು ಹೇಳಬೇಕು ಅಂತ ಯೋಚಿಸುವ ಮೊದಲೇ ಬಾಯಿ ಹೇಳಿಬಿಟ್ಟಿತ್ತು.

"ನೀನಲ್ಲ ತಂಗಿ. ಈ ತೊಟ್ಲು ನಮ್ಮನೇದು. ಮೊದಲು ಬರಿದು ತೂಗಿದಾಕೆ ನಾನು. ತಪ್ಪು ಏನಿದ್ರೂ ನಂದೇ ಐತೆ."

ಐವತ್ತು ವರ್ಷ ಹೊರಬಾರದ ಮಾತು ಅದು, ಬಂದದ್ದು ಅವ್ವನ ದನಿಯಲ್ಲಿ. ಅಡಿಗೆ ಕೋಣೆಗೆ ಹೋಗಿ ಗುಂಡನ್ನು ಎತ್ತಿ ತಂದೆ, ಸೊಂಟ ಹಿಡಿದರೂ ಬಿಡಲಿಲ್ಲ. ಅವಳು ಹೊಲೆದಿದ್ದ ಚಿಕ್ಕ ಕೌದಿಯನ್ನೇ ಸುತ್ತಿದೆ, ಕಾಡಿಗೆಯ ಬೊಟ್ಟು ಮೇಲೆ ಬರುವಂತೆ ಮಲಗಿಸಿದೆ, ಹಗ್ಗವನ್ನು ಅವಳ ಕೈಗೇ ಕೊಟ್ಟೆ. ತೂಗು, ಈಗ ಬರಿದಲ್ಲ ಅಂದೆ. ಅಂದ ಮೇಲೆ ನನ್ನ ಮಾತು ನನಗೇ ಹೊಳೆದು ಅಲ್ಲೇ ಕೂತೆ. ಅವ್ವನ ತಲೆ ಕೆಟ್ಟಿರಲಿಲ್ಲ. ಅವಳು ಕಲ್ಲನ್ನು ಮಲಗಿಸಿದ್ದು ಸತ್ತ ಮಗನಿಗಾಗಿ ಅಲ್ಲ. ಬದುಕಿದ್ದ ಮಗಳಿಗಾಗಿ. ಎರಡು ವರ್ಷ ಊರಿಗೆಲ್ಲ ಹುಚ್ಚಿಯಾಗಿ, ನನ್ನ ಕೈಯಲ್ಲಿದ್ದ ಆ ಬರಿ ತೊಟ್ಟಿಲನ್ನು ದಿನಾ ಇಷ್ಟಿಷ್ಟೇ ತುಂಬಿದ್ದಳು, ನಾನು ಹಾಡುವವರೆಗೆ.

ಸರಪಳಿಯ ದನಿ ದಪ್ಪಗಾಯಿತು. ಹತ್ತು ಸಲ ತೂಗಿರಬಹುದು, ಶಾಹೀನಾ ಹೊಟ್ಟೆ ಹಿಡಿದುಕೊಂಡು ಒದೀತು ಅಂದಳು, ಅಳುತ್ತ ನಕ್ಕಳು, ಆಮೇಲೆ ತನ್ನಷ್ಟಕ್ಕೆ ಏನೋ ಗುನುಗಿದಳು. ಆದರೂ ಮ್ಯಾನೇಜರನ್ನು ಬೈದು ಆಟೊ ತರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಏನೂ ತೊಂದರೆಯಿಲ್ಲ ಅಂದರು. ಅವಳು ಈಗ ತವರಿಗೆ ಹೋಗಿದ್ದಾಳೆ.

ಅವಳು ಗುನುಗಿದ ಮೇಲೆ ಗುಂಡನ್ನು ಅಡಿಗೆ ಕೋಣೆಗೆ ಒಯ್ಯಬಹುದಿತ್ತು, ಅವ್ವನ ಲೆಕ್ಕ ಹಾಗೇ ಇತ್ತು. ನಾನೇ ಒಯ್ದಿಲ್ಲ. ಮ್ಯಾನೇಜರ್ ಕೇಳಿದರೆ, ಮಲಗೈತೆ, ಎಬ್ಬಿಸಬೇಡಪ್ಪ ಅನ್ನುತ್ತೇನೆ. ನಿನ್ನೆ ಸಂಜೆ ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿ ಬೀಗ ಜಡಿದು ಗೇಟಿಗೆ ಬಂದು, ಸಹಿ ಹಾಕಲು ಬಗ್ಗಿದೆ. ಹಿಂದಿನಿಂದ ಆ ಸದ್ದು ಕೇಳಿತು, ದಪ್ಪಗೆ, ಆ ತುದಿಗೊಮ್ಮೆ ಈ ತುದಿಗೊಮ್ಮೆ ನಿಂತು. ಬೀಗದ ಕೈ ನನ್ನ ಕೈಯಲ್ಲೇ ಇತ್ತು. ಹೋಗಿ ನೋಡಬಹುದಿತ್ತು, ಹೋಗಲಿಲ್ಲ. ನನಗೆ ಹಗ್ಗ ಕೊಟ್ಟವಳಿಗೆ ಹಗ್ಗ ಕೊಡುವವರು ಯಾರೂ ಇರಲಿಲ್ಲ. ಅವ್ವ ತೂಗಿಕೊಂಡು ಈಗಲಾದರೂ ಅಳಲಿ ಅಂತ ಬಿಟ್ಟು ಬಂದೆ.