ಏನಾಗಬೇಕು?

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮೇಷ್ಟ್ರು ಇದರಲ್ಲಿ ಅರ್ಧ ಪಾಸು, ಅರ್ಧ ನಪಾಸು. ಮಾತು ಅವರಿಗೆ ಚೆನ್ನಾಗಿ ಗೊತ್ತಿತ್ತು. ಊಟದಲ್ಲಿ ಮಾತ್ರ ಹಠಮಾರಿ. ಉಪ್ಪು ಕಡಿಮೆ ಮಾಡಿ ಎಂದರೆ ಕದ್ದು ಉದುರಿಸಿಕೊಳ್ಳುವರು, ಮಾತ್ರೆಯನ್ನು ಜೇಬಿನಲ್ಲೇ ಮರೆಯುವರು. ಒಗೆಯುವಾಗ ಕರಗಿದ ಮಾತ್ರೆ ಕೈಗೆ ಸಿಕ್ಕರೆ ಟೈಲರ್ ಗುಡುಗುತ್ತಿದ್ದ: “ಮೇಷ್ಟ್ರೇ, ಬಿ.ಪಿ. ಇರೋದು ನಿಮಗೋ, ಈ ಷರ್ಟಿಗೋ?”

ಟೈಲರ್ ಮೇಷ್ಟ್ರ ಜೊತೆ ಬಾಳುತ್ತಿದ್ದವನು. ಪ್ಯಾಂಟಿಗೆ ಅಳತೆ ಕೊಡಲು ಬಂದ ಗಣಿತದ ಮೇಷ್ಟ್ರು, ಪ್ಯಾಂಟು ಹೊಲಿದು ಮುಗಿದ ಮೇಲೂ ಬರುವುದನ್ನು ನಿಲ್ಲಿಸಲಿಲ್ಲ. ಅಂಗಡಿಯ ಮೇಲಿದ್ದ ಎರಡು ಕೋಣೆಗಳನ್ನು, ನಾವು ಅಣ್ಣ ತಮ್ಮ ಎಂದು ಮಾಲೀಕನಿಗೆ ಸುಳ್ಳು ಹೇಳಿ ಬಾಡಿಗೆಗೆ ಹಿಡಿದು ಸಂಸಾರ ಹೂಡಿದರು. ತಲೆ ನೆರೆತರೂ ಮೇಷ್ಟ್ರನ್ನು ಬಹುವಚನದಲ್ಲಿ ಕರೆಯುವುದನ್ನು ಟೈಲರ್ ಬಿಡಲಿಲ್ಲ. ಜಗಳವಾಡುವಾಗಲೂ ಬಹುವಚನವೇ.

ಆ ಮನೆಗಿದ್ದ ಕೊರಗು ಒಂದೇ. ಮೇಷ್ಟ್ರು ತಮ್ಮ ಬದುಕಿನ ನಿಜವನ್ನು ಬಾಯಿಬಿಟ್ಟು ಹೇಳಿದ ದಿನವೇ ಅವರ ಒಡಹುಟ್ಟಿದ ತಮ್ಮ ಎದ್ದು ಹೋಗಿದ್ದ. ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಮೆಟ್ಟಿಲ ಮೇಲೆ ಯಾರದೇ ಸದ್ದಾದರೂ ಮೇಷ್ಟ್ರ ಕತ್ತು ಬಾಗಿಲ ಕಡೆ ತಿರುಗುತ್ತಿತ್ತು. ಟೈಲರ್‌ಗೆ ಅದು ಗೊತ್ತಿತ್ತು.

ತಮ್ಮಂಥವರ ಮದುವೆಗೂ ಕಾನೂನಿನ ಒಪ್ಪಿಗೆ ಬೇಕೆಂದು ಇಬ್ಬರೂ ಕೇಳುತ್ತಿದ್ದರು. ಬೀದಿಯಲ್ಲಿ ಕೂಗಿ ಅಲ್ಲ, ಭಾನುವಾರ ಸಂಜೆ ಗ್ರಂಥಾಲಯದ ಓದುವ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು. ಯಾರು ಬೇಕಾದರೂ ಬಂದು ಏನು ಬೇಕಾದರೂ ಕೇಳಬಹುದು. ಮೇಷ್ಟ್ರದು ಒಂದೇ ನಿಯಮ: ಎದುರಿನವರ ಮಾತು ಪೂರ್ತಿ ಮುಗಿಯುವ ತನಕ ನಾವು ಬಾಯಿ ತೆರೆಯಬಾರದು, ತೆರೆದರೆ ದನಿ ಏರಬಾರದು. ಟೈಲರ್‌ಗೋ ಮೂಗಿನ ತುದಿಯಲ್ಲೇ ಕೋಪ. ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡವನಂತೆ ಕೂತಿರುತ್ತಿದ್ದ.

ವಾರ ತಪ್ಪದೆ ವಾದಕ್ಕೆ ಬರುತ್ತಿದ್ದವರು ನಿವೃತ್ತ ರೈಲ್ವೆ ಗಾರ್ಡ್ ಸಾಹೇಬರು. ಒಂದು ಸಂಜೆ ಅವರು ಊರುಗೋಲನ್ನು ನೆಲಕ್ಕೆ ಕುಟ್ಟಿ ಕೇಳಿದರು: “ಅದೆಲ್ಲ ಇರ್ಲಿ. ನೀವಿಬ್ರೂ ಒಬ್ರಿಗೊಬ್ರು ಏನಾಗ್ಬೇಕು? ಅದನ್ನ ಹೇಳಿ ಮೊದ್ಲು.”

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಏನಾಗ್ಬೇಕು ಅಂತ ನಮಗೆ ಗೊತ್ತು ಸ್ವಾಮಿ. ಆಗೋಕೆ ನೀವೆಲ್ಲ ಬಿಡ್ಬೇಕು, ಅಷ್ಟೆ.”

ಗಾರ್ಡ್ ಸಾಹೇಬರೂ ನಕ್ಕುಬಿಟ್ಟರು. ಒಪ್ಪಲಿಲ್ಲ, ಆದರೆ ನಕ್ಕರು. ಟೈಲರ್ ಆ ಉತ್ತರವನ್ನು ಬಾಯಿಪಾಠ ಮಾಡಿಕೊಂಡ. ಇನ್ನೊಮ್ಮೆ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದ.

ಕೇಳಿದ್ದು ಆಸ್ಪತ್ರೆಯಲ್ಲಿ. ಪಾಠ ಮಾಡುತ್ತಲೇ ಮೇಷ್ಟ್ರು ಕುಸಿದುಬಿದ್ದಿದ್ದರು, ಮೆದುಳಿನಲ್ಲಿ ರಕ್ತಸ್ರಾವ. ಟೈಲರ್ ಕೊರಳಲ್ಲಿದ್ದ ಅಳತೆಯ ಟೇಪನ್ನೂ ತೆಗೆಯದೆ ಓಡಿಬಂದ. ಐ.ಸಿ.ಯು. ಬಾಗಿಲಲ್ಲಿ ಕೂತಿದ್ದ ಹುಡುಗಿ ತಲೆ ಎತ್ತದೆ, “ಮನೆಯವರನ್ನ ಮಾತ್ರ ಒಳಗೆ ಬಿಡೋದು. ಪೇಷೆಂಟಿಗೆ ನೀವು ಏನಾಗ್ಬೇಕು?” ಎಂದಳು.

ಬಾಯಿಪಾಠದ ಉತ್ತರ ಇಲ್ಲಿ ನಡೆಯುವಂತಿರಲಿಲ್ಲ. ನಿಜ ಹೇಳಿದರೆ ಇಲ್ಲೇ ನಿಲ್ಲಿಸಿಬಿಡುತ್ತಾರೆ. ಮಾಲೀಕನಿಗೆ ಹೇಳಿದ್ದ ಹಳೆಯ ಸುಳ್ಳು ತಾನಾಗಿಯೇ ನಾಲಿಗೆಗೆ ಬಂತು.

“ತಮ್ಮ. ತಮ್ಮ ಆಗ್ಬೇಕು.”

ಬಿಟ್ಟರು. ಒಳಗಿದ್ದ ನರ್ಸ್ ಒಳ್ಳೆಯ ಹೆಂಗಸು. ಮೇಷ್ಟ್ರ ಕಿವಿಯ ಹತ್ತಿರ ಬಾಗಿ, “ಸರ್, ಕಣ್ಣು ಬಿಡಿ. ನಿಮ್ಮ ತಮ್ಮ ಬಂದಿದ್ದಾರೆ,” ಎಂದು ಗಟ್ಟಿಯಾಗಿ ಹೇಳಿದಳು.

ಮೇಷ್ಟ್ರು ಕಣ್ಣು ಬಿಟ್ಟರು. ಸೊಟ್ಟಗಾಗಿದ್ದ ಮುಖದ ಒಂದು ಕಡೆ ಮಾತ್ರ ನಗು ಮೂಡಿತು. ಆ ಕಣ್ಣು ಟೈಲರನ್ನು ದಾಟಿ ಅವನ ಹೆಗಲ ಹಿಂದೆ ಹುಡುಕಿತು. “ಎಲ್ಲಿ?” ಎಂದರು. ತೊದಲು ಮಾತಾದರೂ ಟೈಲರ್‌ಗೆ ತಿಳಿಯಿತು.

ಅಯ್ಯೋ, ಈಗ ಏನು ಹೇಳುವುದು? ಸುಳ್ಳು ಹೇಳಿ ಬಂದವನು ನಾನೇ ಎನ್ನೋಣವೆಂದರೆ ನರ್ಸ್ ಪಕ್ಕದಲ್ಲೇ ನಿಂತಿದ್ದಳು. ಆ ಅರ್ಧ ನಗುವನ್ನು ಕಿತ್ತುಕೊಳ್ಳಲು ಮನಸ್ಸೂ ಬರಲಿಲ್ಲ. “ಹೊರಗಿದ್ದಾನೆ ಮೇಷ್ಟ್ರೇ. ಬರ್ತಾನೆ ಈಗ,” ಎಂದು ಅವರ ಕೈ ಹಿಡಿದು ಕೂತ. ಮಧ್ಯಾಹ್ನ ಕಳೆಯುವ ಹೊತ್ತಿಗೆ ಮೇಷ್ಟ್ರು ಹೋಗಿಬಿಟ್ಟರು.

ಶಾಲೆಯವರಿಂದ ಸುದ್ದಿ ತಿಳಿದು ಸಂಜೆ ತಮ್ಮ ಬಂದ, ನಿಜವಾದವನು. “ತಮ್ಮ ಬೆಳಿಗ್ಗೆನೇ ಬಂದಿದ್ರಲ್ಲ ಸರ್?” ಎಂದಳು ಬಾಗಿಲ ಹುಡುಗಿ. ಅವನು ಟೈಲರ್ ಕಡೆ ನೋಡಿ ತಲೆ ತಗ್ಗಿಸಿದ. ಜಗಳ ಮಾಡಲಿಲ್ಲ. ಆದರೆ ದೇಹವನ್ನು ಅವನ ಕೈಗೇ ಕೊಟ್ಟರು. ಟೈಲರ್ ಪಕ್ಕಕ್ಕೆ ಸರಿದು ನಿಂತ.

ಭಾನುವಾರ ಟೈಲರ್ ಗ್ರಂಥಾಲಯಕ್ಕೆ ಹೋಗಿ ರೂಢಿಯಂತೆ ಎರಡು ಕುರ್ಚಿ ಹಾಕಿದ, ಆಮೇಲೆ ಒಂದನ್ನು ತೆಗೆದಿಟ್ಟ. ಎದುರಿಗೆ ಗಾರ್ಡ್ ಸಾಹೇಬರು ಬಂದು ಕೂತರು. ಟೈಲರ್ ನಡೆದದ್ದನ್ನೆಲ್ಲ ಹೇಳಿದ. ಅಂದು ಅವರೂ ಮೇಷ್ಟ್ರ ನಿಯಮ ಪಾಲಿಸಿದರು, ನಡುವೆ ಬಾಯಿ ಹಾಕಲಿಲ್ಲ. ಎಲ್ಲ ಮುಗಿದ ಮೇಲೆ ಮೆಲ್ಲಗೆ, “ಹೇಗೋ ಒಳಗೆ ಬಿಟ್ರಲ್ಲಪ್ಪ. ಕೊನೇ ಗಳಿಗೇಲಿ ಜೊತೆಗಿದ್ದೆಯಲ್ಲ, ಅಷ್ಟು ಸಾಲದಾ?” ಎಂದರು. ಸಮಾಧಾನಕ್ಕೇ ಹೇಳಿದ ಮಾತು.

“ಇದ್ದೆ ಸ್ವಾಮಿ,” ಎಂದ ಟೈಲರ್. ದನಿ ಏರಿಸಲಿಲ್ಲ. “ಗಂಡ ಅಂತ ಹೇಳೋಕಾಗಿದ್ದಿದ್ರೆ ಆ ನರ್ಸಮ್ಮ ಹಾಗಂತಲೇ ಕೂಗ್ತಿದ್ರು, ಮೇಷ್ಟ್ರು ನನ್ನ ನೋಡ್ತಿದ್ರು. ತಮ್ಮ ಅಂದೆ. ಕೈ ಹಿಡ್ಕೊಂಡು ಪಕ್ಕದಲ್ಲೇ ಕೂತಿದ್ದೆ, ಅವರು ಬಾಗಿಲು ನೋಡ್ತಾ ನೋಡ್ತಾ ಹೋದ್ರು.”